ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕುವುದು: ಡಿಸ್ಕ್ ಮುಟ್ಟುವ ಮೊದಲು, ಮುಟ್ಟಿದ ಮೇಲೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಬಹುಮಟ್ಟಿಗೆ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕೆನ್ನುತ್ತದೆ. ಹೀಗಾಗಿ 2010ರಿಂದ 2017ರವರೆಗೆ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು, ಪರದೆ, ಕೀಲಿಮಣೆ ಎಲ್ಲ ಗಟ್ಟಿಮುಟ್ಟಾಗಿದ್ದರೂ, ಮೂಲೆ ಸೇರುತ್ತಿವೆ. ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಇವು ಬ್ರೌಸರ್, ಬರವಣಿಗೆ, ಲೆಕ್ಕದ ಹಾಳೆ, ವಿಡಿಯೊ, ಪಾಠದ ಕೆಲಸಗಳಿಗೆ ಇನ್ನೂ ಹಲವು ವರ್ಷ ಸಲೀಸಾಗಿ ಒದಗುತ್ತವೆ. ಕೆಲಸ ಕಷ್ಟದ್ದಲ್ಲ, ಆದರೆ ಕ್ರಮ ತಪ್ಪಬಾರದು. ಕೆಡುವುದೆಲ್ಲ ಬಹುಪಾಲು ಒಂದೇ ಕಾರಣಕ್ಕೆ: ಯಂತ್ರವನ್ನು ಪರೀಕ್ಷಿಸದೆ ಡಿಸ್ಕ್‌ಗೆ ಕೈ ಹಾಕುವುದು. ಅದಕ್ಕೇ ಈ ಲೇಖನದ ದೊಡ್ಡ ಪಾಲು ‘ಇನ್‌ಸ್ಟಾಲ್’ ಒತ್ತುವುದಕ್ಕಿಂತ ಮೊದಲಿನ ಕೆಲಸಗಳಿಗೇ ಹೋಗಿದೆ.

ಯಂತ್ರದೊಳಗೆ ಏನಿದೆ

ವಿಂಡೋಸ್ ಇನ್ನೂ ತೆರೆಯುತ್ತಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ‘ಸಿಸ್ಟಮ್ ಇನ್‌ಫರ್ಮೇಶನ್’ ಹುಡುಕಿ ತೆರೆಯಿರಿ. ಅಲ್ಲಿ ನಾಲ್ಕು ಸಂಗತಿ ಬರೆದಿಟ್ಟುಕೊಳ್ಳಿ: ಪ್ರೊಸೆಸರ್ ಹೆಸರು, ರ‍್ಯಾಮ್ ಎಷ್ಟು, ‘ಬಯಾಸ್ ಮೋಡ್’ (ಯಂತ್ರ ಶುರುವಾಗುವ ಬಗೆ) ಎದುರು ಯುಇಎಫ್‌ಐ (ಹೊಸ ಬಗೆ) ಎಂದಿದೆಯೋ ಲೆಗಸಿ (ಹಳೆಯ ಬಗೆ) ಎಂದಿದೆಯೋ, ಮಾನ್ಯತೆಯಿಲ್ಲದ ತಂತ್ರಾಂಶದಿಂದ ಯಂತ್ರ ಶುರುವಾಗದಂತೆ ತಡೆಯುವ ಸೆಕ್ಯೂರ್ ಬೂಟ್ ಆನ್ ಇದೆಯೋ ಇಲ್ಲವೋ. ಮೂರನೆಯದನ್ನು ಮರೆಯಬೇಡಿ, ಮುಂದೆ ಎರಡು ಕಡೆ ಅದು ಬೇಕಾಗುತ್ತದೆ. ಆಮೇಲೆ ಟಾಸ್ಕ್ ಮ್ಯಾನೇಜರ್‌ನ ‘ಪರ್ಫಾರ್ಮೆನ್ಸ್’ ಪುಟಕ್ಕೆ ಹೋಗಿ. ಡಿಸ್ಕ್ ತಿರುಗುವ ತಟ್ಟೆಯ ಎಚ್‌ಡಿಡಿಯೋ ಚಿಪ್‌ಗಳಿಂದಾದ ಎಸ್‌ಎಸ್‌ಡಿಯೋ, ರ‍್ಯಾಮ್‌ನ ಎರಡು ಸ್ಲಾಟ್‌ಗಳಲ್ಲಿ ಎಷ್ಟು ತುಂಬಿವೆ ಎಂಬುದು ಅಲ್ಲಿ ಕಾಣುತ್ತದೆ.

ಡಿಸ್ಕ್ ಎಚ್‌ಡಿಡಿ ಆಗಿದ್ದರೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಹಳೆಯ ಲ್ಯಾಪ್‌ಟಾಪ್ ನಿಧಾನ ಎನ್ನುವ ದೂರಿನ ಬಹುಪಾಲು ಕಾರಣ ಅದೇ. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯ ಮೇಲೆ ಓದುವ ತಲೆ ಅತ್ತಿಂದಿತ್ತ ಓಡಾಡಬೇಕು. ಸಣ್ಣ ಸಣ್ಣ ಫೈಲ್‌ಗಳನ್ನು ಸೆಕೆಂಡಿಗೆ ನೂರರ ಆಸುಪಾಸು ಬಾರಿ ಮಾತ್ರ ಹುಡುಕಬಲ್ಲದು. ಸಾಧಾರಣ ಎಸ್‌ಎಸ್‌ಡಿ ಅದೇ ಕೆಲಸವನ್ನು ಸಾವಿರಾರು ಸಲ ಮಾಡುತ್ತದೆ. ಲಿನಕ್ಸ್ ಹಾಕಿದರೂ ಎಚ್‌ಡಿಡಿ ಉಳಿದರೆ ಬ್ರೌಸರ್ ತೆರೆಯಲು ಕಾಯುವುದು ತಪ್ಪುವುದಿಲ್ಲ. ಖರ್ಚು ಮಾಡುವುದಿದ್ದರೆ ಮೊದಲು 2.5 ಇಂಚಿನ ಸಾಟಾ ಎಸ್‌ಎಸ್‌ಡಿಗೆ ಮಾಡಿ. 240 ಅಥವಾ 256 ಜಿಬಿ ಸಾಕು. ಹಳೆಯ ಡಿಸ್ಕ್ 9.5 ಮಿಲಿಮೀಟರ್ ದಪ್ಪ, ಎಸ್‌ಎಸ್‌ಡಿ 7 ಮಿಲಿಮೀಟರ್. ಗೂಡಿನಲ್ಲಿ ಅಲುಗಾಡಿದರೆ 2.5 ಮಿಲಿಮೀಟರ್‌ನ ಪ್ಲಾಸ್ಟಿಕ್ ಚೌಕಟ್ಟು ಸೇರಿಸಬೇಕು.

ಇದರಲ್ಲಿ ಇನ್ನೊಂದು ದೊಡ್ಡ ಅನುಕೂಲವಿದೆ. ಹೊಸ ಎಸ್‌ಎಸ್‌ಡಿ ಕೂರಿಸಿ ಹಳೆಯ ಡಿಸ್ಕನ್ನು ಹಾಗೇ ತೆಗೆದಿಟ್ಟರೆ ಅದಕ್ಕಿಂತ ಒಳ್ಳೆಯ ಬ್ಯಾಕಪ್ ಇಲ್ಲ. ಏನಾದರೂ ಎಡವಟ್ಟಾದರೆ ಸ್ಕ್ರೂ ಬಿಚ್ಚಿ ಹಳೆಯದನ್ನೇ ಮತ್ತೆ ಹಾಕಿದರಾಯಿತು, ವಿಂಡೋಸ್ ಮೊದಲಿನಂತೆಯೇ ತೆರೆಯುತ್ತದೆ. ಯುಎಸ್‌ಬಿಯಿಂದ ಸಾಟಾಗೆ ಹೋಗುವ ಅಡಾಪ್ಟರ್ ಕೇಬಲ್ ಇದ್ದರೆ ಅದರಲ್ಲಿರುವ ಫೈಲ್‌ಗಳನ್ನು ಬೇಕಾದಾಗ ತೆಗೆದುಕೊಳ್ಳಬಹುದು.

ರ‍್ಯಾಮ್ ಹೆಚ್ಚಿಸುವಾಗ ಜಾತಿ ನೋಡಿಕೊಳ್ಳಿ. ಲ್ಯಾಪ್‌ಟಾಪ್‌ನ ಡಿಡಿಆರ್3 ಪಟ್ಟಿಗೆ 204 ಪಿನ್, ಡಿಡಿಆರ್4ಕ್ಕೆ 260. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಅದರಲ್ಲಿ ಗೊಂದಲವಿಲ್ಲ. ಗೊಂದಲ ಆಗುವುದು ಡಿಡಿಆರ್3 ಮತ್ತು ಡಿಡಿಆರ್3ಎಲ್ ನಡುವೆ. ಎರಡೂ ಒಂದೇ ಆಕಾರ, ಮೊದಲನೆಯದು 1.5 ವೋಲ್ಟ್, ಎರಡನೆಯದು 1.35 ವೋಲ್ಟ್. ಡಿಡಿಆರ್3ಎಲ್ ಪಟ್ಟಿ ಎರಡೂ ಬಗೆಯ ಯಂತ್ರದಲ್ಲಿ ನಡೆಯುತ್ತದೆ. ಆದರೆ 1.35 ವೋಲ್ಟ್ ಮಾತ್ರ ಕೊಡುವ ಯಂತ್ರಕ್ಕೆ ಮಾಮೂಲಿ ಡಿಡಿಆರ್3 ಹಾಕಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಆದ್ದರಿಂದ ಕೊಳ್ಳುವುದಾದರೆ ಎಲ್ ಇರುವುದನ್ನೇ ಕೊಳ್ಳಿ. ಕವಚ ತೆಗೆಯುವ ಮೊದಲು ಚಾರ್ಜರ್ ಕಿತ್ತು, ಬ್ಯಾಟರಿ ಬೇರ್ಪಡಿಸಿ. ಕವಚ ಬಿಚ್ಚಿದ್ದಾಗಲೇ ಫ್ಯಾನಿನ ಧೂಳನ್ನೂ ತೆಗೆದುಬಿಡಿ. ಬಿಸಿಯಾದ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ, ಆಗ ಯಾವ ಆಪರೇಟಿಂಗ್ ಸಿಸ್ಟಮ್ ಇದ್ದರೂ ಅಷ್ಟೇ.

ಯಾವ ಲಿನಕ್ಸ್

ಲಿನಕ್ಸ್ ಒಂದೇ ಅಲ್ಲ, ಬೇರೆ ಬೇರೆ ತಂಡಗಳು ಅದನ್ನು ಬೇರೆ ಬೇರೆ ಹೆಸರಿನಲ್ಲಿ ಕೊಡುತ್ತವೆ. ಯಾವುದನ್ನು ಹಾಕುವುದು ಎಂದು ಜನ ವಾರಗಟ್ಟಲೆ ತಲೆಕೆಡಿಸಿಕೊಳ್ಳುತ್ತಾರೆ. ಉತ್ತರವನ್ನು ರ‍್ಯಾಮ್ ನೋಡಿ ಹೇಳಿಬಿಡಬಹುದು. 8 ಜಿಬಿ ಅಥವಾ ಹೆಚ್ಚಿದ್ದರೆ ಲಿನಕ್ಸ್ ಮಿಂಟ್‌ನ ಸಿನಮನ್ ಆವೃತ್ತಿ, ಇಲ್ಲವೇ ನಿಮಗೆ ಇಷ್ಟವಾದ ಯಾವುದೇ ಆಗಲಿ. 4 ಜಿಬಿ ಇದ್ದರೆ ಮಿಂಟ್‌ನದ್ದೇ ಎಕ್ಸ್‌ಎಫ್‌ಸಿಇ ಆವೃತ್ತಿ ಅಥವಾ ಲುಬುಂಟು. 2 ಜಿಬಿ ಇದ್ದು ಹೆಚ್ಚಿಸಲು ಆಗದಿದ್ದರೆ ಎಂಎಕ್ಸ್ ಲಿನಕ್ಸ್‌ನ ಫ್ಲಕ್ಸ್‌ಬಾಕ್ಸ್ ಆವೃತ್ತಿ ಅಥವಾ ಆಂಟಿಎಕ್ಸ್. ಅದಕ್ಕಿಂತ ಕಡಿಮೆ ರ‍್ಯಾಮ್‌ನಲ್ಲಿ ಇಂದಿನ ಜಾಲತಾಣಗಳನ್ನು ನೋಡುವ ಆಸೆ ಬಿಡಬೇಕು. ಡೆಸ್ಕ್‌ಟಾಪ್ ಎಷ್ಟೇ ಹಗುರವಾಗಿದ್ದರೂ ನಾಲ್ಕೈದು ಟ್ಯಾಬ್ ತೆರೆದ ಬ್ರೌಸರ್ ಒಂದೇ ಅಷ್ಟನ್ನೂ ನುಂಗುತ್ತದೆ.

ಮೊದಲ ಸಲ ಲಿನಕ್ಸ್‌ಗೆ ಬರುವವರಿಗೆ ಮಿಂಟ್ ಹೇಳುವುದಕ್ಕೆ ಕಾರಣವಿದೆ. ಡ್ರೈವರ್, ಅಪ್‌ಡೇಟ್, ಹಿಂದಿನ ಸ್ಥಿತಿಗೆ ಮರಳುವುದು ಎಲ್ಲಕ್ಕೂ ಅದರಲ್ಲಿ ಕಿಟಕಿಯುಳ್ಳ ಸಲಕರಣೆಗಳಿವೆ. ಅದರ 22ನೇ ಸರಣಿ ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ಮುಂದಿನ ಹಂತಗಳನ್ನು ಮಿಂಟ್ ಇಟ್ಟುಕೊಂಡೇ ವಿವರಿಸಿದೆ. ಬೇರೆಯವುಗಳಲ್ಲಿ ಬಟನ್‌ಗಳ ಹೆಸರು ಬದಲಾಗುತ್ತದೆ, ತತ್ವ ಬದಲಾಗುವುದಿಲ್ಲ.

ಪ್ರೊಸೆಸರ್ 32-ಬಿಟ್ ಮಾತ್ರ ಆಗಿದ್ದರೆ ಕಥೆ ಬೇರೆ. ಹಲವು ಲಿನಕ್ಸ್‌ಗಳಿಗೆ ತಳಹದಿಯಾದ ಡೆಬಿಯನ್‌ನ 2025ರಲ್ಲಿ ಬಂದ 13ನೇ ಆವೃತ್ತಿಯಲ್ಲಿ 32-ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ. ಕ್ರೋಮ್ 2016ರಲ್ಲೇ 32-ಬಿಟ್ ಲಿನಕ್ಸ್ ಕೈಬಿಟ್ಟಿತು, ಫೈರ್‌ಫಾಕ್ಸ್ ತನ್ನ 145ನೇ ಆವೃತ್ತಿಯಿಂದ ಬಿಟ್ಟಿತು. ಡೆಬಿಯನ್ 12ರ ಮೇಲೆ ಕಟ್ಟಿದ ಆಂಟಿಎಕ್ಸ್ 23 ಅಥವಾ ಎಂಎಕ್ಸ್ 23ರ 32-ಬಿಟ್ ಆವೃತ್ತಿ ಹಾಕಬಹುದು. ಆದರೆ ಅಂಥ ಯಂತ್ರವನ್ನು ಬ್ಯಾಂಕಿನ ವ್ಯವಹಾರಕ್ಕೆ ಬಳಸಬೇಡಿ, ಬರವಣಿಗೆಗೆ, ಹಾಡು ಕೇಳುವುದಕ್ಕೆ ಇಟ್ಟುಕೊಳ್ಳಿ. ಇನ್ನು ಬ್ರೌಸರ್ ಬಿಟ್ಟು ಬೇರೇನೂ ಬೇಡ ಎನ್ನುವವರಿಗೆ ಗೂಗಲ್‌ನ ಕ್ರೋಮ್‌ಓಎಸ್ ಫ್ಲೆಕ್ಸ್ ಇದೆ. 4 ಜಿಬಿ ರ‍್ಯಾಮ್, 16 ಜಿಬಿ ಡಿಸ್ಕ್ ಸಾಕು. ಆಂಡ್ರಾಯ್ಡ್ ಆ್ಯಪ್‌ಗಳು ಮಾತ್ರ ಅದರಲ್ಲಿ ನಡೆಯುವುದಿಲ್ಲ.

ಲಿನಕ್ಸ್‌ನಿಂದ ಆಗದ್ದೇನು ಎಂಬುದನ್ನೂ ಈಗಲೇ ತೂಗಿ ನೋಡಿ. ಮೈಕ್ರೋಸಾಫ್ಟ್ ಆಫೀಸ್‌ನ ಡೆಸ್ಕ್‌ಟಾಪ್ ಆವೃತ್ತಿ, ಅಡೋಬ್ ಫೋಟೋಶಾಪ್ ಇವಕ್ಕೆ ಲಿನಕ್ಸ್ ಆವೃತ್ತಿ ಇಲ್ಲ. ಲಿಬ್ರೆಆಫೀಸ್ ಎಂಬ ಉಚಿತ ಆಫೀಸ್ ತಂತ್ರಾಂಶ ವರ್ಡ್, ಎಕ್ಸೆಲ್ ಫೈಲ್‌ಗಳನ್ನು ತೆರೆಯುತ್ತದೆ, ಮ್ಯಾಕ್ರೊ ತುಂಬಿದ ಹಾಳೆಗಳಲ್ಲಿ ಎಡವುತ್ತದೆ. ಲೆಕ್ಕಪತ್ರದ ತಂತ್ರಾಂಶ, ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಯಂತ್ರ ನಿಮ್ಮ ದಿನದ ಕೆಲಸಕ್ಕೆ ಬೇಕಿದ್ದರೆ ಅವುಗಳ ತಯಾರಕರು ಲಿನಕ್ಸ್ ಡ್ರೈವರ್ ಕೊಡುತ್ತಾರೋ ಎಂದು ಮೊದಲು ನೋಡಿ. ಪ್ರಿಂಟರ್ ಕೂಡ ಅಷ್ಟೇ: ಎಚ್‌ಪಿ ಪ್ರಿಂಟರ್‌ಗಳಲ್ಲಿ ಹೆಚ್ಚಿನವು ಎಚ್‌ಪಿಲಿಪ್ ಎಂಬ ಡ್ರೈವರ್‌ನಿಂದ ನಡೆಯುತ್ತವೆ, ಕೆಲವು ಹಳೆಯ ಲೇಸರ್ ಪ್ರಿಂಟರ್‌ಗಳು ಬಹಳ ಕಾಡುತ್ತವೆ.

ಬ್ಯಾಕಪ್ ಮತ್ತು ವಿಂಡೋಸ್ ಒಳಗಿನ ತಯಾರಿ

ಫೋಟೊ, ದಾಖಲೆ, ಡೌನ್‌ಲೋಡ್ ಫೋಲ್ಡರ್‌ಗಳನ್ನು ಹೊರಗಿನ ಡಿಸ್ಕ್‌ಗೆ ನಕಲಿಸಿ. ನಕಲಾದ ಮೇಲೆ ನಾಲ್ಕಾರು ಫೈಲ್ ತೆರೆದು ನೋಡಿ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಬುಕ್‌ಮಾರ್ಕ್‌ಗಳನ್ನು ಮರೆಯುವವರೇ ಹೆಚ್ಚು. ಅವನ್ನೂ ಸಿಂಕ್ ಮಾಡಿ ಅಥವಾ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ವಿಂಡೋಸ್ ಲೈಸೆನ್ಸ್ ಬಗ್ಗೆ ಚಿಂತೆ ಬೇಡ. ವಿಂಡೋಸ್ 8 ಅಥವಾ ಆಮೇಲಿನದನ್ನು ಕಂಪನಿಯೇ ಹಾಕಿ ಮಾರಿದ ಲ್ಯಾಪ್‌ಟಾಪ್‌ಗಳಲ್ಲಿ ಕೀ ಮದರ್‌ಬೋರ್ಡ್‌ನಲ್ಲೇ ಕೂತ ತಂತ್ರಾಂಶವಾದ ಫರ್ಮ್‌ವೇರ್ ಒಳಗೇ ಇರುತ್ತದೆ, ಡಿಸ್ಕ್ ಅಳಿಸಿದರೂ ಹೋಗುವುದಿಲ್ಲ.

ವಿಂಡೋಸನ್ನೂ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕುವುದಾದರೆ ಮೂರು ಕೆಲಸ ಕಡ್ಡಾಯ. ಒಂದು, ಫಾಸ್ಟ್ ಸ್ಟಾರ್ಟ್‌ಅಪ್ ತೆಗೆಯಿರಿ: ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ‘ಪವರ್ ಬಟನ್ ಏನು ಮಾಡಬೇಕು’ ಎಂಬ ಪುಟದಲ್ಲಿ ಆ ಗುರುತು ಸಿಗುತ್ತದೆ. ಅದು ಆನ್ ಇದ್ದಾಗ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ತನ್ನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದು ಡ್ರೈವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಗ ಲಿನಕ್ಸ್‌ನಿಂದ ಆ ಡ್ರೈವ್‌ಗೆ ಬರೆಯಲು ಆಗುವುದಿಲ್ಲ, ಪಾರ್ಟಿಷನ್ (ಡಿಸ್ಕ್‌ನ ಭಾಗ) ಕುಗ್ಗಿಸಲೂ ಇನ್‌ಸ್ಟಾಲರ್ ಒಪ್ಪುವುದಿಲ್ಲ. ಎರಡು, ಡಿಸ್ಕನ್ನು ಗುಪ್ತಲಿಪಿಗೆ ತಿರುಗಿಸಿ ಬೀಗ ಹಾಕುವ ಬಿಟ್‌ಲಾಕರ್ ಅಥವಾ ‘ಡಿವೈಸ್ ಎನ್‌ಕ್ರಿಪ್ಶನ್’ ಆನ್ ಇದೆಯೋ ನೋಡಿ. ಇದ್ದರೆ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಆಫ್ ಮಾಡಿ, ಡಿಕ್ರಿಪ್ಟ್ ಪೂರ್ತಿಯಾಗುವ ತನಕ ಕಾಯಿರಿ. ಬೂಟ್ ವ್ಯವಸ್ಥೆ ಬದಲಾದ ತಕ್ಷಣ ವಿಂಡೋಸ್ 48 ಅಂಕಿಯ ಆ ಕೀ ಕೇಳುತ್ತದೆ. ಇಲ್ಲದಿದ್ದರೆ ಒಳಗಿನದೆಲ್ಲ ಹೋದಂತೆಯೇ. ಮೂರು, ಜಾಗ ಬಿಡಿಸುವುದು: ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದು ಸಿ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ‘ಶ್ರಿಂಕ್ ವಾಲ್ಯೂಮ್’ ಆರಿಸಿ, ಕನಿಷ್ಠ 40 ಜಿಬಿ ಬಿಡಿಸಿ. ಬಿಟ್ಟ ಜಾಗವನ್ನು ಖಾಲಿಯಾಗಿಯೇ ಇಡಿ. ಅಲ್ಲಿ ವಿಂಡೋಸ್‌ನಿಂದ ಹೊಸ ಡ್ರೈವ್ ಮಾಡಹೋಗಬೇಡಿ. ಲೆಗಸಿ ಯಂತ್ರದಲ್ಲಿ ನಾಲ್ಕಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಆಗುವುದಿಲ್ಲವಾದ್ದರಿಂದ ವಿಂಡೋಸ್ ಇಡೀ ಡಿಸ್ಕನ್ನು ‘ಡೈನಾಮಿಕ್’ ಮಾಡೋಣವೇ ಎಂದು ಕೇಳುತ್ತದೆ, ಒಪ್ಪಿದರೆ ಲಿನಕ್ಸ್ ಇನ್‌ಸ್ಟಾಲರ್‌ಗೆ ದಾರಿ ಮುಚ್ಚುತ್ತದೆ.

ಎರಡನ್ನೂ ಇಟ್ಟುಕೊಳ್ಳುವುದು ನಿಜಕ್ಕೂ ಬೇಕೇ? ವಿಂಡೋಸ್ ಇಲ್ಲದೆ ಆಗದ ಒಂದಾದರೂ ಕೆಲಸ ಇದ್ದರೆ ಸರಿ. ಸುಮ್ಮನೆ ‘ಇರಲಿ’ ಎಂದಿಟ್ಟುಕೊಂಡರೆ 128 ಜಿಬಿ ಡಿಸ್ಕ್‌ನಲ್ಲಿ ಎರಡಕ್ಕೂ ಇಕ್ಕಟ್ಟು.

ಪೆನ್ ಡ್ರೈವ್ ತಯಾರಿ

8 ಜಿಬಿಯ ಪೆನ್ ಡ್ರೈವ್ ಬೇಕು, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಇನ್‌ಸ್ಟಾಲ್‌ಗೆ ಬೇಕಾದ್ದೆಲ್ಲ ಒಂದೇ ಕಡೆ ಇರುವ ಐಎಸ್‌ಒ ಫೈಲನ್ನು ಮಿಂಟ್‌ನ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಹಿಂದೆಂದೋ ಇಳಿಸಿಟ್ಟ ಐಎಸ್‌ಒ ಬಳಸಬೇಡಿ. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಅಪ್‌ಡೇಟ್ ಒಂದು ಲಿನಕ್ಸನ್ನು ಶುರು ಮಾಡಿಸುವ ಹಳೆಯ ಬೂಟ್‌ಲೋಡರ್‌ಗಳನ್ನು ಸೆಕ್ಯೂರ್ ಬೂಟ್‌ನಲ್ಲಿ ತಡೆಹಿಡಿಯಿತು. ಅಂಥ ಯಂತ್ರದಲ್ಲಿ ಹಳೆಯ ಐಎಸ್‌ಒ ‘ಸೆಕ್ಯುರಿಟಿ ಪಾಲಿಸಿ ವಯಲೇಶನ್’ ಎಂದು ಹೇಳಿ ನಿಂತುಬಿಡುತ್ತದೆ.

ವಿಂಡೋಸ್‌ನಲ್ಲಿ ಐಎಸ್‌ಒ ಫೈಲನ್ನು ಪೆನ್ ಡ್ರೈವ್‌ಗೆ ಬರೆಯಲು ರೂಫಸ್ ಎಂಬ ತಂತ್ರಾಂಶ ಹೇಳಿ ಮಾಡಿಸಿದ್ದು. ಐಎಸ್‌ಒ ಆರಿಸಿದ ಮೇಲೆ ಪಕ್ಕದ ಗುರುತಿನ ಬಟನ್ ಒತ್ತಿದರೆ ಫೈಲ್ ಸರಿಯಾಗಿ ಇಳಿದಿದೆಯೇ ಎಂದು ತಾಳೆ ನೋಡುವ ಎಸ್‌ಎಚ್‌ಎ-256 ಮೊತ್ತ ತೋರಿಸುತ್ತದೆ. ಮಿಂಟ್ ತಾಣದಲ್ಲಿ ಕೊಟ್ಟಿರುವ ಮೊತ್ತದೊಂದಿಗೆ ಮೊದಲ ಮತ್ತು ಕೊನೆಯ ಎಂಟೆಂಟು ಅಕ್ಷರಗಳನ್ನಾದರೂ ಹೋಲಿಸಿ. ಅರ್ಧಂಬರ್ಧ ಇಳಿದ ಫೈಲ್‌ನಿಂದ ಇನ್‌ಸ್ಟಾಲ್ ನಡುವೆ ಅರ್ಥವಾಗದ ದೋಷಗಳು ಬರುತ್ತವೆ. ಆಗ ಜನ ಯಂತ್ರವನ್ನು ಬೈಯುತ್ತಾರೆ. ಮೊದಲು ಬರೆದಿಟ್ಟುಕೊಂಡ ಬಯಾಸ್ ಮೋಡ್ ಇಲ್ಲಿ ಬೇಕು: ಯುಇಎಫ್‌ಐ ಆದರೆ ಪಾರ್ಟಿಷನ್ ಸ್ಕೀಮ್ ಜಿಪಿಟಿ, ಲೆಗಸಿ ಆದರೆ ಎಂಬಿಆರ್. ಬರೆಯುವ ಮುನ್ನ ಐಎಸ್‌ಒ ಮೋಡೋ ಡಿಡಿ ಮೋಡೋ ಎಂದು ಕೇಳುತ್ತದೆ. ಮೊದಲು ಐಎಸ್‌ಒ ಮೋಡ್ ಸಾಕು. ಅದರಿಂದ ಬೂಟ್ ಆಗದಿದ್ದರೆ ಮತ್ತೆ ಡಿಡಿ ಮೋಡ್‌ನಲ್ಲಿ ಬರೆಯಿರಿ.

ಬೂಟ್ ಮಾಡುವುದು

ಲ್ಯಾಪ್‌ಟಾಪ್ ಪೂರ್ತಿ ಆರಿಸಿ, ಪೆನ್ ಡ್ರೈವ್ ಚುಚ್ಚಿ, ಪವರ್ ಒತ್ತಿದ ಕೂಡಲೇ, ಯಂತ್ರ ಯಾವುದರಿಂದ ಶುರುವಾಗಬೇಕೆಂದು ಕೇಳುವ ಬೂಟ್ ಮೆನುವಿನ ಕೀಯನ್ನು ಬಿಡದೆ ತಟ್ಟುತ್ತಿರಿ. ಡೆಲ್, ಲೆನೊವೊ, ತೋಶಿಬಾಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್, ಆಮೇಲೆ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಅನೇಕ ಮಾದರಿಗಳಲ್ಲಿ ಮೊದಲು ಎಫ್2 ಒತ್ತಿ ಸೆಟಪ್‌ಗೆ ಹೋಗಿ ‘ಎಫ್12 ಬೂಟ್ ಮೆನು’ ಆನ್ ಮಾಡಬೇಕು. ಕೆಲವು ಲೆನೊವೊ ಐಡಿಯಾಪ್ಯಾಡ್‌ಗಳ ಅಂಚಿನಲ್ಲಿ ನೊವೊ ಎಂಬ ಸಣ್ಣ ಬಟನ್ ಇರುತ್ತದೆ. ಯಂತ್ರ ಆರಿದ್ದಾಗ ಅದನ್ನು ಪಿನ್ನಿನಿಂದ ಒತ್ತಿದರೆ ಮೆನು ಬರುತ್ತದೆ.

ಮೆನುವಿನಲ್ಲಿ ಒಂದೇ ಪೆನ್ ಡ್ರೈವ್ ಎರಡು ಬಾರಿ ಕಾಣಬಹುದು, ಒಂದರ ಹಿಂದೆ ‘ಯುಇಎಫ್‌ಐ’ ಎಂದಿರುತ್ತದೆ. ವಿಂಡೋಸ್ ಯಾವ ಮೋಡ್‌ನಲ್ಲಿದೆಯೋ ಅದನ್ನೇ ಆರಿಸಿ. ಒಂದು ಯುಇಎಫ್‌ಐಯಲ್ಲಿ, ಇನ್ನೊಂದು ಲೆಗಸಿಯಲ್ಲಿ ಕೂತರೆ ಎರಡೂ ಒಂದೇ ಮೆನುವಿನಲ್ಲಿ ಬರುವುದಿಲ್ಲ, ಪ್ರತಿ ಸಲ ಸೆಟಪ್‌ಗೆ ಹೋಗಿ ಬದಲಿಸುವ ಪಾಡು. ಪೆನ್ ಡ್ರೈವ್ ಕಾಣದೇ ಇದ್ದರೆ ನೀಲಿ ಯುಎಸ್‌ಬಿ 3 ಕಿಂಡಿಯಿಂದ ತೆಗೆದು ಕಪ್ಪು ಯುಎಸ್‌ಬಿ 2 ಕಿಂಡಿಗೆ ಹಾಕಿ ನೋಡಿ. ಹಳೆಯ ಫರ್ಮ್‌ವೇರ್‌ಗಳು ಎಷ್ಟೋ ಸಲ ಅದರಿಂದ ಮಾತ್ರ ಬೂಟ್ ಆಗುತ್ತವೆ. ಸೆಕ್ಯೂರ್ ಬೂಟ್ ಆನ್ ಇದ್ದರೂ ಮಿಂಟ್, ಉಬುಂಟು, ಡೆಬಿಯನ್ ತೆರೆಯುತ್ತವೆ. ಆಂಟಿಎಕ್ಸ್‌ಗೆ ಆಫ್ ಮಾಡಬೇಕು. ಏಸರ್‌ಗಳಲ್ಲಿ ಸೆಕ್ಯೂರ್ ಬೂಟ್ ಸಾಲು ಮಬ್ಬಾಗಿದ್ದರೆ ಮೊದಲು ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಬೇಕು, ಆಗ ಅದು ಬದಲಿಸಲು ಬರುತ್ತದೆ. ಆ ಪಾಸ್‌ವರ್ಡ್ ಮರೆತರೆ ಬಿಡಿಸುವುದು ಬಹಳ ಕಷ್ಟ, ಬರೆದಿಟ್ಟುಕೊಳ್ಳಿ.

ಮಿಂಟ್‌ನ ಮೊದಲ ಪರದೆಯ ನಂತರ ಎಲ್ಲ ಕಪ್ಪಾದರೆ ಅದು ಹೆಚ್ಚಾಗಿ ಎನ್‌ವಿಡಿಯಾ ಗ್ರಾಫಿಕ್ಸ್‌ನ ತೊಂದರೆ. ಮತ್ತೆ ಬೂಟ್ ಮಾಡಿ ‘ಕಂಪ್ಯಾಟಿಬಿಲಿಟಿ ಮೋಡ್’ ಆರಿಸಿ.

ಡಿಸ್ಕ್ ಮುಟ್ಟದೆ ಪರೀಕ್ಷೆ

ಈಗ ಪೂರ್ತಿ ಡೆಸ್ಕ್‌ಟಾಪ್ ಪೆನ್ ಡ್ರೈವ್‌ನಿಂದಲೇ ನಡೆಯುತ್ತಿದೆ. ಇದಕ್ಕೆ ಲೈವ್ ಸೆಷನ್ ಎನ್ನುತ್ತಾರೆ. ಡಿಸ್ಕ್‌ನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಇಲ್ಲಿ ಅರ್ಧ ಗಂಟೆ ಕೊಡಿ. ವೈಫೈ ಹಿಡಿಯುತ್ತದೆಯೇ, ಸ್ಪೀಕರ್ ಮತ್ತು ಇಯರ್‌ಫೋನ್ ಎರಡರಲ್ಲೂ ಸದ್ದು ಬರುತ್ತದೆಯೇ, ಕ್ಯಾಮೆರಾ, ಬ್ಲೂಟೂತ್, ಬೆಳಕು ಹೆಚ್ಚು ಕಡಿಮೆ ಮಾಡುವ ಕೀಗಳು, ಟಚ್‌ಪ್ಯಾಡ್‌ನ ಎರಡು ಬೆರಳಿನ ಸರಿದಾಟ ಎಲ್ಲ ನೋಡಿ. ಮುಚ್ಚಳ ಹಾಕಿ ಒಂದು ನಿಮಿಷ ಬಿಟ್ಟು ತೆರೆಯಿರಿ, ನಿದ್ದೆಯಿಂದ ಏಳದ ಲ್ಯಾಪ್‌ಟಾಪ್ ದಿನಬಳಕೆಯಲ್ಲಿ ಬೇಸರ ತರಿಸುತ್ತದೆ. ವೇಗವನ್ನು ಮಾತ್ರ ಈಗ ಅಳೆಯಬೇಡಿ, ಪೆನ್ ಡ್ರೈವ್‌ನಿಂದ ಎಲ್ಲವೂ ನಿಧಾನವೇ.

ಮೆನುವಿನಲ್ಲಿ ‘ಡಿಸ್ಕ್ಸ್’ ತೆರೆದು ಒಳಗಿನ ಡಿಸ್ಕ್ ಆರಿಸಿ ‘ಸ್ಮಾರ್ಟ್ ಡೇಟಾ’ (ಡಿಸ್ಕ್‌ನ ಆರೋಗ್ಯದ ವರದಿ) ನೋಡಿ. ಎಚ್‌ಡಿಡಿಯಲ್ಲಿ ‘ರಿಅಲೊಕೇಟೆಡ್ ಸೆಕ್ಟರ್’ ಮತ್ತು ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎರಡೂ ಸೊನ್ನೆ ಇರಬೇಕು. ಪೆಂಡಿಂಗ್ ಎದುರು ಸಂಖ್ಯೆ ಇದ್ದರೆ ಡಿಸ್ಕ್ ಸಾಯುವ ದಾರಿಯಲ್ಲಿದೆ. ಅದರ ಮೇಲೆ ಏನನ್ನೂ ಹಾಕಬೇಡಿ, ಒಳಗಿರುವ ಫೈಲ್‌ಗಳನ್ನು ಮೊದಲು ಹೊರಗೆ ತನ್ನಿ.

ಒಳಗಿನ ಡಿಸ್ಕ್ ಪಟ್ಟಿಯಲ್ಲೇ ಇಲ್ಲವೇ? ಫರ್ಮ್‌ವೇರ್ ಸೆಟಪ್‌ನಲ್ಲಿ ಸಾಟಾ ಮೋಡ್ ರೇಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಎಂದಿರಬಹುದು. ಅದನ್ನು ಎಎಚ್‌ಸಿಐಗೆ ತನ್ನಿ. ವಿಂಡೋಸ್ ಉಳಿಸಿಕೊಳ್ಳುವವರು ಮಾತ್ರ ನೇರವಾಗಿ ಬದಲಿಸಬಾರದು. ಮೊದಲು ವಿಂಡೋಸ್‌ನ ‘ಸಿಸ್ಟಮ್ ಕಾನ್ಫಿಗರೇಶನ್’ನಲ್ಲಿ ಸೇಫ್ ಬೂಟ್ ಗುರುತು ಹಾಕಿ ರೀಸ್ಟಾರ್ಟ್ ಮಾಡಿ, ಆ ನಡುವೆ ಸೆಟಪ್‌ಗೆ ಹೋಗಿ ಎಎಚ್‌ಸಿಐ ಮಾಡಿ, ಸೇಫ್ ಮೋಡ್‌ನಲ್ಲಿ ಒಮ್ಮೆ ತೆರೆದ ಮೇಲೆ ಗುರುತು ತೆಗೆಯಿರಿ. ಇಲ್ಲದಿದ್ದರೆ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ.

ವೈಫೈ ಕಾಣದಿದ್ದರೆ ಎದೆಗುಂದಬೇಡಿ. ಬ್ರಾಡ್‌ಕಾಮ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ, ಹಳೆಯ ಮ್ಯಾಕ್‌ಬುಕ್‌ಗಳಲ್ಲೂ, ಇದು ಮಾಮೂಲು. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿದರೆ ಯಾವ ಡ್ರೈವರ್ ಇಲ್ಲದೆಯೂ ಅಂತರ್ಜಾಲ ಬರುತ್ತದೆ. ಇನ್‌ಸ್ಟಾಲ್ ಆದ ಮೇಲೆ ‘ಡ್ರೈವರ್ ಮ್ಯಾನೇಜರ್’ ಬ್ರಾಡ್‌ಕಾಮ್ ಡ್ರೈವರ್ ತೋರಿಸುತ್ತದೆ. ಇನ್ನೊಂದು ಹೆಸರುವಾಸಿ ಕಾಟ ರಿಯಲ್‌ಟೆಕ್ 8723ಬಿಇ: ರೂಟರ್ ಪಕ್ಕದಲ್ಲಿ ಕೂತರಷ್ಟೇ ಸಿಗ್ನಲ್. ಒಂದೇ ಆಂಟೆನಾ ಹಾಕಿದ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವರ್ ತಪ್ಪು ಕಿಂಡಿಯತ್ತ ನೋಡುತ್ತಿರುತ್ತದೆ. ಡ್ರೈವರ್‌ನ ಆಂಟೆನಾ ಆಯ್ಕೆಯನ್ನು 1 ಅಥವಾ 2 ಎಂದು ಕೊಟ್ಟರೆ ಸರಿಹೋಗುತ್ತದೆ.

ಇನ್‌ಸ್ಟಾಲ್

ಪರೀಕ್ಷೆ ತೃಪ್ತಿಕರವಾಗಿದ್ದರೆ, ಚಾರ್ಜರ್ ಜೋಡಿಸಿ, ಡೆಸ್ಕ್‌ಟಾಪ್ ಮೇಲಿನ ‘ಇನ್‌ಸ್ಟಾಲ್ ಲಿನಕ್ಸ್ ಮಿಂಟ್’ ಒತ್ತಿ. ಭಾಷೆ, ಕೀಲಿಮಣೆ ಆದ ಮೇಲೆ ಮಲ್ಟಿಮೀಡಿಯಾ ಕೋಡೆಕ್ಸ್‌ಗೆ ಗುರುತು ಹಾಕಿ, ಇಲ್ಲದಿದ್ದರೆ ಕೆಲವು ವಿಡಿಯೊಗಳು ತೆರೆಯುವುದಿಲ್ಲ.

ಆಮೇಲೆ ಬರುವ ಪುಟದಲ್ಲೇ ಎಲ್ಲ ಇರುವುದು. ‘ಎರೇಸ್ ಡಿಸ್ಕ್’ ಆರಿಸಿದರೆ ಡಿಸ್ಕ್‌ನಲ್ಲಿರುವ ವಿಂಡೋಸ್, ಡಿ ಡ್ರೈವ್, ರಿಕವರಿ ಭಾಗ ಸಕಲವೂ ಹೋಗುತ್ತದೆ. ಸಿ ಡ್ರೈವ್ ಮಾತ್ರ ಹೋಗುತ್ತದೆಂದು ತಿಳಿದು ಡಿ ಡ್ರೈವ್‌ನ ಫೋಟೊ ಕಳೆದುಕೊಂಡವರು ಬಹಳ. ಲಿನಕ್ಸ್ ಒಂದೇ ಸಾಕೆನ್ನುವವರಿಗೆ ಇದೇ ಸರಳ ದಾರಿ. ‘ಇನ್‌ಸ್ಟಾಲ್ ಅಲಾಂಗ್‌ಸೈಡ್’ ಎಂಬುದು ಬಿಡಿಸಿಟ್ಟ ಜಾಗದಲ್ಲಿ ತಾನೇ ಕೂರುತ್ತದೆ. ‘ಸಮ್‌ಥಿಂಗ್ ಎಲ್ಸ್’ ಆರಿಸಿ ನಾವೇ ಪಾರ್ಟಿಷನ್ ಮಾಡುವುದಾದರೆ ಖಾಲಿ ಜಾಗದಲ್ಲಿ ಒಂದು ಇಎಕ್ಸ್‌ಟಿ4 ಪಾರ್ಟಿಷನ್ ಮಾಡಿ ಮೌಂಟ್ ಪಾಯಿಂಟ್ ಎದುರು ಒಂಟಿ ಓರೆಗೆರೆ (/) ಕೊಡಿ. ಯುಇಎಫ್‌ಐ ಯಂತ್ರದಲ್ಲಿ ಈಗಾಗಲೇ ಇರುವ, ಸಾಮಾನ್ಯವಾಗಿ 100 ಎಂಬಿಯ ಇಎಫ್‌ಐ ಪಾರ್ಟಿಷನ್ನನ್ನು ಬಳಸಲು ಹೇಳಿ, ಆದರೆ ಫಾರ್ಮ್ಯಾಟ್ ಗುರುತು ಹಾಕಬೇಡಿ. ವಿಂಡೋಸ್‌ನ ಬೂಟ್ ಫೈಲ್ ಇರುವುದೂ ಅಲ್ಲೇ. ಲೆಗಸಿ ಯಂತ್ರದಲ್ಲಿ ಪುಟದ ಕೆಳಗಿನ ‘ಬೂಟ್ ಲೋಡರ್’ ಸಾಲಿನಲ್ಲಿ ಒಳಗಿನ ಡಿಸ್ಕ್ ಇದೆಯೇ ಎಂದು ಎರಡೆರಡು ಬಾರಿ ನೋಡಿ. ಅಲ್ಲಿ ಪೆನ್ ಡ್ರೈವ್ ಆಯ್ಕೆಯಾದರೆ ಪೆನ್ ಡ್ರೈವ್ ಚುಚ್ಚಿದಾಗ ಮಾತ್ರ ಲಿನಕ್ಸ್ ತೆರೆಯುತ್ತದೆ. 128 ಜಿಬಿಯಂಥ ಸಣ್ಣ ಡಿಸ್ಕ್‌ನಲ್ಲಿ ಸ್ವಂತ ಫೈಲ್‌ಗಳಿರುವ ಹೋಮ್‌ಗೆ ಬೇರೆ ಪಾರ್ಟಿಷನ್ ಮಾಡುವುದು ಬೇಡ, ಒಂದು ಕಡೆ ಜಾಗ ತುಂಬಿ ಇನ್ನೊಂದು ಕಡೆ ಖಾಲಿ ಬಿದ್ದಿರುತ್ತದೆ.

ಡಿಸ್ಕ್ ಎನ್‌ಕ್ರಿಪ್ಶನ್ ಒಳ್ಳೆಯದೇ, ಆದರೆ ಪ್ರೊಸೆಸರ್‌ಗೆ ಗುಪ್ತಲಿಪಿಯ ಲೆಕ್ಕವನ್ನು ಬೇಗ ಮಾಡುವ ಎಇಎಸ್-ಎನ್‌ಐ ಸೌಲಭ್ಯ ಇರಬೇಕು. ಇಂಟೆಲ್‌ನ 2ನೇ, 3ನೇ ತಲೆಮಾರಿನ ಐ3ಗಳಲ್ಲಿ, ಆ ಕಾಲದ ಪೆಂಟಿಯಂ, ಸೆಲೆರಾನ್‌ಗಳಲ್ಲಿ ಅದಿಲ್ಲ. ಹಾಕಿದರೆ ಪ್ರತಿ ಓದು, ಪ್ರತಿ ಬರಹದ ಭಾರವೂ ಪ್ರೊಸೆಸರ್ ಮೇಲೆ ಬೀಳುತ್ತದೆ.

ಕೊನೆಯಲ್ಲಿ ಪೆನ್ ಡ್ರೈವ್ ತೆಗೆದು ಎಂಟರ್ ಒತ್ತಲು ಹೇಳುತ್ತದೆ. ಯಂತ್ರ ನೇರವಾಗಿ ವಿಂಡೋಸ್‌ಗೇ ಹೋದರೆ ಇನ್‌ಸ್ಟಾಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ಸೆಟಪ್‌ನ ಬೂಟ್ ಕ್ರಮದಲ್ಲಿ ‘ಉಬುಂಟು’ ಎಂಬ ಸಾಲನ್ನು ಮೇಲಕ್ಕೆ ತನ್ನಿ. ಮಿಂಟ್ ಕೂಡ ಅದೇ ಹೆಸರಿನಲ್ಲಿ ಕಾಣುತ್ತದೆ. ಕೆಲವು ಏಸರ್‌ಗಳಲ್ಲಿ ಆ ಫೈಲನ್ನು ‘ಟ್ರಸ್ಟೆಡ್’ ಎಂದು ಗುರುತಿಸಬೇಕು. ಯಾವುದೂ ಆಗದಿದ್ದರೆ ಲೈವ್ ಸೆಷನ್‌ಗೆ ಮರಳಿ ಅಲ್ಲಿರುವ ‘ಬೂಟ್ ರಿಪೇರ್’ ಓಡಿಸಿ.

ಮೊದಲ ದಿನದ ಕೆಲಸಗಳು

ಮೊದಲು ಟೈಮ್‌ಶಿಫ್ಟ್ ತೆರೆದು ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಅಪ್‌ಡೇಟ್ ಏನಾದರೂ ಕೆಡಿಸಿದರೆ ಸಿಸ್ಟಮ್ಮನ್ನು ಅಲ್ಲಿಗೆ ಹಿಂದಕ್ಕೆ ತರಬಹುದು. ನಿಮ್ಮ ಸ್ವಂತ ಫೈಲ್‌ಗಳನ್ನು ಅದು ತಾನಾಗಿ ಸೇರಿಸಿಕೊಳ್ಳುವುದಿಲ್ಲ, ಅವಕ್ಕೆ ಬೇರೆ ಬ್ಯಾಕಪ್ ಬೇಕು. ಆಮೇಲೆ ‘ಅಪ್‌ಡೇಟ್ ಮ್ಯಾನೇಜರ್’, ನಂತರ ‘ಡ್ರೈವರ್ ಮ್ಯಾನೇಜರ್’. ಸೆಕ್ಯೂರ್ ಬೂಟ್ ಆನ್ ಇಟ್ಟು ಬ್ರಾಡ್‌ಕಾಮ್ ಅಥವಾ ಎನ್‌ವಿಡಿಯಾ ಡ್ರೈವರ್ ಹಾಕಿದರೆ ಹೊಸದೊಂದು ಪಾಸ್‌ವರ್ಡ್ ಇಡಲು ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆಯೊಂದು ಬರುತ್ತದೆ. ಅಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಗಾಬರಿಯಿಂದ ‘ಕಂಟಿನ್ಯೂ ಬೂಟ್’ ಒತ್ತಿದರೆ ಡ್ರೈವರ್ ಇದ್ದೂ ಕೆಲಸ ಮಾಡುವುದಿಲ್ಲ.

4 ಜಿಬಿ ಅಥವಾ ಕಡಿಮೆ ರ‍್ಯಾಮ್ ಇದ್ದರೆ ಝಡ್‌ರ‍್ಯಾಮ್ ಹಾಕಿ. ಇದು ರ‍್ಯಾಮ್‌ನ ಒಂದು ಭಾಗದಲ್ಲಿ, ಸದ್ಯ ಬಳಸದ ಮಾಹಿತಿಯನ್ನು ಒತ್ತಿ ಚಿಕ್ಕದಾಗಿಸಿ ಇಡುತ್ತದೆ. ಡಿಸ್ಕ್‌ಗೆ ಹೋಗುವುದಕ್ಕಿಂತ ಎಷ್ಟೋ ವೇಗ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ‘ಝಡ್‌ರ‍್ಯಾಮ್-ಟೂಲ್ಸ್’ ಎಂದು ಸಿಗುತ್ತದೆ. ಅದರ ಮೂಲ ಅಳತೆ ಬಹಳ ಸಣ್ಣದು, ಸೆಟ್ಟಿಂಗ್ ಫೈಲ್‌ನಲ್ಲಿ ಶೇಕಡಾ 50 ಮಾಡಿಕೊಳ್ಳಿ.

ವಿಡಿಯೊ ನೋಡುವಾಗ ಫ್ಯಾನ್ ಕೂಗಿಕೊಳ್ಳುತ್ತದೆ, ಚಿತ್ರ ತಡವರಿಸುತ್ತದೆ ಎನ್ನುವುದು ಹಳೆಯ ಲ್ಯಾಪ್‌ಟಾಪ್‌ಗಳ ಸಾಮಾನ್ಯ ದೂರು. ಯೂಟ್ಯೂಬ್ ಈಗ ವಿಪಿ9 ಮತ್ತು ಎವಿ1 ರೂಪದಲ್ಲಿ ವಿಡಿಯೊ ಕಳಿಸುತ್ತದೆ. 2015ಕ್ಕಿಂತ ಹಿಂದಿನ ಇಂಟೆಲ್ ಗ್ರಾಫಿಕ್ಸ್‌ಗೆ ಅವನ್ನು ಬಿಡಿಸುವ ಯಂತ್ರಾಂಶವಿಲ್ಲ, ಎಲ್ಲ ಭಾರ ಪ್ರೊಸೆಸರ್‌ಗೇ. ಆದರೆ ಎಚ್.264 ಎಂಬ ಹಳೆಯ ವಿಡಿಯೊ ರೂಪವನ್ನು ಬಿಡಿಸುವ ಶಕ್ತಿ 2011ರ ಚಿಪ್‌ಗಳಿಗೂ ಇದೆ. ಫೈರ್‌ಫಾಕ್ಸ್‌ಗೆ ‘ಎನ್‌ಹಾನ್ಸ್ಡ್ ಎಚ್264ಇಫೈ’ ಎಂಬ ಆ್ಯಡ್‌ಆನ್ ಹಾಕಿದರೆ ಯೂಟ್ಯೂಬ್ ಎಚ್.264 ಕಳಿಸುತ್ತದೆ. ಜೊತೆಗೆ ವಿಡಿಯೊ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್‌ಗೆ ಒಪ್ಪಿಸುವ, ಚಿಪ್‌ಗೆ ತಕ್ಕ ವಿಎ-ಎಪಿಐ ಡ್ರೈವರ್ ಇರಲಿ: ಇಂಟೆಲ್‌ನ 4ನೇ ತಲೆಮಾರಿನವರೆಗೆ ‘ಐ965’, 5ನೆಯದರಿಂದ ‘ಇಂಟೆಲ್ ಮೀಡಿಯಾ ಡ್ರೈವರ್’. ಅಷ್ಟಕ್ಕೇ 720ಪಿ ವಿಡಿಯೊ ತಣ್ಣಗೆ ಓಡುತ್ತದೆ.

ಕನ್ನಡ ಬರೆಯಲು ಐಬಸ್ ಎಂಬ ಟೈಪಿಂಗ್ ಸಲಕರಣೆ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ. ಅದರಲ್ಲಿ ಕೆಜಿಪಿ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ವಿನ್ಯಾಸಗಳು ಸಿಗುತ್ತವೆ. ನುಡಿಯ ಕೀಲಿಮಣೆಗೆ ಒಗ್ಗಿದವರಿಗೆ ಕೆಜಿಪಿ. ಹಾಕಿದ ಮೇಲೆ ಒಮ್ಮೆ ಲಾಗ್‌ಔಟ್ ಆಗದಿದ್ದರೆ ಹೊಸ ವಿನ್ಯಾಸ ಪಟ್ಟಿಯಲ್ಲಿ ಕಾಣದಿರಬಹುದು. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫೈಲ್‌ಗಳು ಆಯಾ ಫಾಂಟ್ ಇಲ್ಲದೆ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ವಿಂಡೋಸ್ ಇದ್ದಾಗಲೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳುವುದು ಸುಲಭ.

ಎರಡೂ ಸಿಸ್ಟಮ್ ಇಟ್ಟುಕೊಂಡವರಿಗೆ ಗಡಿಯಾರ ಕೈಕೊಡುತ್ತದೆ: ಲಿನಕ್ಸ್‌ನಿಂದ ವಿಂಡೋಸ್‌ಗೆ ಹೋದಾಗ ಸಮಯ ಗಂಟೆಗಟ್ಟಲೆ ಹಿಂದೆ ಮುಂದೆ ಆಗಿರುತ್ತದೆ. ಮದರ್‌ಬೋರ್ಡ್ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ (ಜಾಗತಿಕ ಪ್ರಮಾಣ) ಸಮಯ ಇಡುತ್ತದೆ, ವಿಂಡೋಸ್ ಸ್ಥಳೀಯ ಸಮಯ ಇದೆಯೆಂದು ಓದುತ್ತದೆ. ಲಿನಕ್ಸ್ ಕೂಡ ಸ್ಥಳೀಯ ಸಮಯವನ್ನೇ ಇಡುವಂತೆ ‘ಟೈಮ್‌ಡೇಟ್‌ಸಿಟಿಎಲ್’ ಆಜ್ಞೆಯ ‘ಸೆಟ್-ಲೋಕಲ್-ಆರ್‌ಟಿಸಿ’ ಆಯ್ಕೆಯನ್ನು 1 ಮಾಡಿದರೆ ಮುಗಿಯಿತು. ಒಂದೇ ಸಿಸ್ಟಮ್ ಇದ್ದೂ ಪ್ರತಿ ಸಲ ಗಡಿಯಾರ ಹಳೆಯ ವರ್ಷಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್‌ನ ನಾಣ್ಯದಾಕಾರದ ಬ್ಯಾಟರಿ ಸತ್ತಿದೆ. ಹೆಚ್ಚಾಗಿ ಅದು ಸಿಆರ್2032. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ವೈರ್ ಬೆಸೆದ ರೂಪದಲ್ಲಿರುತ್ತದೆ. ದಿನಾಂಕ ತಪ್ಪಾದಾಗ ಬ್ರೌಸರ್ ಎಲ್ಲ ತಾಣಗಳನ್ನೂ ‘ಸುರಕ್ಷಿತವಲ್ಲ’ ಎಂದು ತಡೆಯುತ್ತದೆ, ಅಪ್‌ಡೇಟ್ ಕೂಡ ದೋಷ ತೋರಿಸುತ್ತದೆ. ವೈಫೈ ಕೆಟ್ಟಿದೆ, ಲಿನಕ್ಸ್ ಕೆಟ್ಟಿದೆ ಎಂದು ಹುಡುಕಾಡುವ ಮೊದಲು ಪರದೆಯ ಮೂಲೆಯಲ್ಲಿರುವ ದಿನಾಂಕ ನೋಡಿ.

ಲಿನಕ್ಸ್‌ನ ತಿರುಳಾದ ಕರ್ನಲ್ ಅಪ್‌ಡೇಟ್ ಆದ ಮೇಲೆ ಪರದೆ ಬಾರದೆ ಹೋದರೆ ಹಿಂದಿನ ಕರ್ನಲ್ ಇನ್ನೂ ಡಿಸ್ಕ್‌ನಲ್ಲೇ ಇರುತ್ತದೆ. ಪವರ್ ಒತ್ತಿದ ಮೇಲೆ ಲೆಗಸಿ ಯಂತ್ರದಲ್ಲಿ ಶಿಫ್ಟ್ ಹಿಡಿಯಿರಿ, ಯುಇಎಫ್‌ಐ ಆದರೆ ಎಸ್ಕೇಪ್ ಒಮ್ಮೆ ತಟ್ಟಿ. ಲಿನಕ್ಸ್ ಬೂಟ್‌ಲೋಡರ್ ಆದ ಗ್ರಬ್‌ನ ಮೆನು ಬರುತ್ತದೆ. ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹಳೆಯ ಸಂಖ್ಯೆಯ ಕರ್ನಲ್ ಆರಿಸಿ ಒಳಬನ್ನಿ, ಅಪ್‌ಡೇಟ್ ಮ್ಯಾನೇಜರ್‌ನ ‘ವ್ಯೂ’ ಮೆನುವಿನ ಕರ್ನಲ್ ಪಟ್ಟಿಯಿಂದ ತೊಂದರೆ ಕೊಟ್ಟದ್ದನ್ನು ತೆಗೆದುಹಾಕಿ. ಮಾಡಿದ ಪೆನ್ ಡ್ರೈವನ್ನು ಮಾತ್ರ ಬೇರೆ ಕೆಲಸಕ್ಕೆ ಫಾರ್ಮ್ಯಾಟ್ ಮಾಡಿಬಿಡಬೇಡಿ. ಹಳೆಯ ಕರ್ನಲ್‌ನಿಂದಲೂ ಏಳದಿದ್ದರೆ ಅದರ ಲೈವ್ ಸೆಷನ್‌ನಲ್ಲಿ ಟೈಮ್‌ಶಿಫ್ಟ್ ತೆರೆದು ಮೊದಲ ದಿನದ ಸ್ನ್ಯಾಪ್‌ಶಾಟ್ ಮರಳಿಸಬಹುದು.